ಆಲಿವರನ ಕುಲ

'ಆಲಿವರ್ ಟ್ವಿಸ್ಟ್' ಎಂದೊಡನೆ ಎಲ್ಲರಿಗೂ ನೆನಪಾಗುವುದು ಇನ್ನಷ್ಟು ಗಂಜಿ ಕೇಳುವ ಹುಡುಗ. 1837ರಿಂದ 1839ರವರೆಗೆ ಕಂತುಕಂತಾಗಿ ಬಂದ ಈ ಕಾದಂಬರಿ 1834ರ ಬಡವರ ಕಾಯಿದೆಯ ವಿರುದ್ಧ ಡಿಕೆನ್ಸ್ ಎತ್ತಿದ ದನಿ ಎಂದು ನಮ್ಮ ಇಂಗ್ಲಿಷ್ ಮೇಷ್ಟರುಗಳು ಹೇಳುತ್ತ ಬಂದಿದ್ದಾರೆ. ಸುಳ್ಳಲ್ಲ. ಆದರೆ ಗಂಜಿಯ ಬಟ್ಟಲನ್ನೇ ನೋಡುತ್ತ ಕೂತರೆ ಕಾದಂಬರಿಯ ಕೊನೆ ಕಾಣುವುದಿಲ್ಲ. ತಾಯಿಯ ಲಾಕೆಟ್ಟು, ಗೋಡೆಯ ಮೇಲಿನ ಪಟ, ಅಪ್ಪನ ಉಯಿಲು ಎಲ್ಲದರ ಕತೆ ಬಿಚ್ಚಿಕೊಂಡು ಆಲಿವರ್ ದೊಡ್ಡಮನೆಯ ಕುಡಿ ಅಂತ ತೀರ್ಮಾನವಾಗುತ್ತದೆ. ವರ್ಕ್‌ಹೌಸಿನಲ್ಲಿ ಬೆಳೆದವನ ಬಾಯಲ್ಲಿ ಮೊದಲಿನಿಂದಲೂ ಅಚ್ಚುಕಟ್ಟಾದ ಇಂಗ್ಲಿಷು! ಕಲಿಸಿದವರು ಯಾರು? ರಕ್ತ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನ ಮಕ್ಕಳಿಗೆ ನಾನು ಪಾಠ ಮಾಡುವವನು. ರಾತ್ರಿ ಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುವವರೂ ಅವರಲ್ಲಿದ್ದಾರೆ. ಒಬ್ಬ ಕೇಳಿದ: "ಸಾರ್, ಅವ್ರಪ್ಪ ದೊಡ್ ಮನುಸ ಆಗ್ದೆ ಇದ್ದಿದ್ರೆ?" ಬ್ರೌನ್‌ಲೋ ಕುಲ ತಿಳಿಯುವ ಮೊದಲೇ ಹುಡುಗನನ್ನು ಮನೆಗೆ ಕರೆದೊಯ್ದ, ನಿಜ. ಆದರೆ ಅವನನ್ನು ಕಾಡಿದ್ದು ಆ ಮುಖ, ಮುಖದೊಳಗಿನ ವಂಶ. ಹುಡುಗನ ಪ್ರಶ್ನೆಗೆ ಉತ್ತರ ಡಿಕ್. ಆಲಿವರನ ಜೊತೆಗೇ ಹಸಿದವನು, ಏಟು ತಿಂದವನು. ಅವನಿಗೆ ಲಾಕೆಟ್ಟಿಲ್ಲ, ಪಟವಿಲ್ಲ. ಗೆಳೆಯ ಸಿರಿವಂತನಾಗಿ ಹುಡುಕಿ ಬರುವ ಹೊತ್ತಿಗೆ ಡಿಕ್ ಸತ್ತಿರುತ್ತಾನೆ. ಕಾದಂಬರಿ ಎರಡು ಹನಿ ಕಣ್ಣೀರು ಹಾಕಿ ಮುಂದೆ ಹೋಗುತ್ತದೆ.

ನಮ್ಮಲ್ಲಿ ಇದೆಲ್ಲ ತಲೆಕೆಳಗು. ಆಲಿವರನಿಗೆ ಹುಟ್ಟು ಗೊತ್ತಿಲ್ಲದ್ದು ಸಂಕಟ, ಗೊತ್ತಾದದ್ದು ಬಿಡುಗಡೆ. ಕೇರಿಯ ಹುಡುಗನಿಗೆ ಹುಟ್ಟು ಗೊತ್ತಿರುವುದೇ ಸಂಕಟ. ಕೆಲಸಕ್ಕೆ ಸೇರಿದ ದಿನ ಯಾವೂರು ಅಂತ ಕೇಳುತ್ತಾರೆ, ಹೇಳುತ್ತಾನೆ. ಯಾವ ಬೀದಿ ಅಂದರೆ ತಡವರಿಸುತ್ತಾನೆ. ಇನ್ನೊಂದು ವ್ಯತ್ಯಾಸ ನೋಡಿ. ಆಲಿವರನನ್ನು ಕರೆದುಕೊಂಡು ಹೋಗುವವರಿಗೆ ಐದು ಪೌಂಡು ಕೊಡುತ್ತೇವೆಂದು ವರ್ಕ್‌ಹೌಸಿನವರು ಬೋರ್ಡು ಹಾಕುತ್ತಾರೆ. ಜೀತದಲ್ಲಿ ಹಣ ಇತ್ತ ಬರುತ್ತದೆ, ಮಗು ಅತ್ತ ಹೋಗುತ್ತದೆ. ಅನಾಥನಿಗೆ ಸಾಲವಿಲ್ಲ, ಅಪ್ಪ ಇರುವವನಿಗೆ ಅಪ್ಪನ ಸಾಲ. ಜೀತ ರದ್ದಿಗೆ 1976ರಲ್ಲೇ ಕಾಯಿದೆ ಬಂತು. ಆಮೇಲೂ ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಹೆತ್ತವರ ಮುಂಗಡಕ್ಕೆ ಸಿಕ್ಕಿ ದುಡಿಯುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಪ್ರಕಟಿಸಿತು. ನೂಲು ಬಿಚ್ಚುವಾಗ ಕೈ ಇಡಬೇಕಾದ್ದು ಕುದಿನೀರಿಗೆ.

ಆದ್ದರಿಂದಲೇ ದಲಿತ ಬರಹವನ್ನು ಅನಾಥರ ಅಳಲಿನಂತೆ ಓದಿ ಕನಿಕರಿಸುವ ವಿಮರ್ಶೆಯ ಬಗ್ಗೆ ನನಗೆ ತಕರಾರಿದೆ. ಇದೇ ಸೀಮೆಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಅಪ್ಪನ ಹೆಗಲ ಮೇಲೆ ನೊಗವಿದೆ, ಅದನ್ನು ಮಗ ನೋಡುತ್ತಾನೆ. ಅಲ್ಲಿ ಅಪ್ಪ ಇದ್ದಾನೆ, ಕೇರಿ ಇದೆ, ಹೊಟ್ಟೆ ಹುಣ್ಣಾಗುವ ನಗು ಇದೆ. ಅನಾಥಪ್ರಜ್ಞೆ ಎಲ್ಲಿದೆ?

ಹಾಗಂತ ಡಿಕೆನ್ಸನನ್ನು ಬಿಸಾಕಬೇಕಿಲ್ಲ. ನೋವಾ ಕ್ಲೇಪೋಲ್ ಎಂಬ ಧರ್ಮಶಾಲೆಯ ಹುಡುಗನನ್ನು ನೋಡಿ. ಅಂಗಡಿ ಹುಡುಗರಿಂದ ಬೈಸಿಕೊಂಡದ್ದನ್ನೆಲ್ಲ ತನಗಿಂತ ಕೆಳಗಿನ ಆಲಿವರನ ಮೇಲೆ ತೀರಿಸಿಕೊಳ್ಳುತ್ತಾನೆ. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ವಿವರಿಸಲು ಇವನಿಗಿಂತ ಒಳ್ಳೆಯ ಪಾತ್ರ ನನಗೆ ಸಿಕ್ಕಿಲ್ಲ.

ಡಿಕೆನ್ಸನೂ ದುಡಿದ ಮಗುವೇ. 1824ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅಪ್ಪ ಸಾಲಕ್ಕಾಗಿ ಜೈಲು ಸೇರಿದ ಆ ದಿನಗಳಲ್ಲಿ, ಬೂಟುಪಾಲಿಶ್ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸಿದ. ಅದನ್ನು ಬದುಕಿರುವವರೆಗೂ ಓದುಗರಿಂದ ಮುಚ್ಚಿಟ್ಟ. 1870ರಲ್ಲಿ ಅವನು ಸತ್ತ ಮೇಲೆ ಗೆಳೆಯ ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಿಂದ ಲೋಕಕ್ಕೆ ತಿಳಿಯಿತು. 1994ರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ ಅರವಿಂದ ಮಾಲಗತ್ತಿ ತಮ್ಮದೇ ಹೆಸರಿನಲ್ಲಿ ಹೇಳಿಕೊಂಡ ಬಗೆ ಇದಲ್ಲ. ಆ ಕಾರ್ಖಾನೆಯಲ್ಲಿ ಬಾಬ್ ಫೇಗಿನ್ ಎಂಬ ಹುಡುಗನಿದ್ದ. ನಿಜವಾದ ಅನಾಥ ಅವನು. ಡಿಕೆನ್ಸನಿಗೆ ಪಕ್ಕೆನೋವು ಬಂದಾಗ ಖಾಲಿ ಪಾಲಿಶ್ ಬಾಟ್ಲಿಗಳಿಗೆ ಬಿಸಿನೀರು ತುಂಬಿ ಶಾಖ ಕೊಟ್ಟವನು. ಕಾದಂಬರಿಯಲ್ಲಿ ಅವನ ಹೆಸರು ಸಿಕ್ಕಿದ್ದು ಆಲಿವರನಿಗಲ್ಲ, ಮಕ್ಕಳಿಗೆ ಕಳ್ಳತನ ಕಲಿಸುವ ಯಹೂದಿ ಮುದುಕನಿಗೆ. ಬಾಬ್ ಫೇಗಿನ್ ಬರೆದ ಪುಸ್ತಕ ಯಾವುದೂ ಇಲ್ಲ. ಇದ್ದಿದ್ದರೆ 'ಊರುಕೇರಿ'ಯ ಪಕ್ಕ ಅದನ್ನಿಟ್ಟು ಪಾಠ ಮಾಡುತ್ತಿದ್ದೆ.