ಮಾಸ್ಲೊವಾಳ ಎರಡು ನಿರಾಕರಣೆಗಳು
ಟಾಲ್‌ಸ್ಟಾಯರ ‘ಪುನರುತ್ಥಾನ’ (1899) ಕಾದಂಬರಿಯನ್ನು ಪಶ್ಚಾತ್ತಾಪದಗ್ಧನಾದ ನೆಖ್ಲ್ಯೂಡೊವನ ಕಥೆಯೆಂದು ಓದುವುದು ರೂಢಿ. ಆದರೆ ಅದರ ಸತ್ತ್ವವಿರುವುದು ಮಾಸ್ಲೊವಾಳಲ್ಲಿ. ಅವನಿಂದ ವಂಚಿತಳಾಗಿ ವೇಶ್ಯಾವೃತ್ತಿಗಿಳಿದ ಈ ತರುಣಿಯ ಮೇಲೆ ವಿಷಪ್ರಯೋಗದ ಆರೋಪ ಬರುತ್ತದೆ. 1864ರ ನ್ಯಾಯಾಂಗ ಸುಧಾರಣೆಯಿಂದ ರಷ್ಯದಲ್ಲಿ ನೆಲೆಗೊಂಡ ಜೂರಿಪದ್ಧತಿ ಅವಳನ್ನು ರಕ್ಷಿಸಬೇಕಿತ್ತು. ‘ಪ್ರಾಣಹರಣದ ಉದ್ದೇಶವಿಲ್ಲದೆ’ ಎಂಬ ಮಾತನ್ನು ಜೂರಿಗಳು ಬರೆಯಲು ಮರೆತುದರಿಂದ ಅವಳಿಗೆ 4 ವರ್ಷಗಳ ಕಠಿಣ ಶಿಕ್ಷೆಯಾಗುತ್ತದೆ. ಆ ಜೂರಿಗಳಲ್ಲಿ ನೆಖ್ಲ್ಯೂಡೊವನೂ ಒಬ್ಬ. ವ್ಯವಸ್ಥೆ ಸುಧಾರಿಸಿದರೂ ಮನುಷ್ಯರ ಅಲಕ್ಷ್ಯ ನೀಗಲಿಲ್ಲವೆಂಬ ಈ ಚಿತ್ರ ಇತಿಹಾಸದ ವಿದ್ಯಾರ್ಥಿಗೆ ಅಮೂಲ್ಯವಾದುದು.

ಸೆರೆಮನೆಯಲ್ಲಿ ಅವನು ವಿವಾಹದ ಮಾತೆತ್ತಿದಾಗ, ತನ್ನ ಮೂಲಕ ಸ್ವಂತ ಉದ್ಧಾರವನ್ನು ಬಯಸುತ್ತಿರುವನೆಂದು ಅವಳು ರೋಷದಿಂದ ನಿರಾಕರಿಸುತ್ತಾಳೆ. ಸೈಬೀರಿಯದಲ್ಲಿ ಮತ್ತೆ ನಿರಾಕರಿಸುವಾಗ ರೋಷವಿಲ್ಲ; ಪ್ರೀತಿಯಿದ್ದೂ ಅವನನ್ನು ಬಂಧಿಸಲೊಲ್ಲದೆ, ರಾಜಕೀಯ ಕೈದಿ ಸೀಮನ್‌ಸನ್ನನೊಡನೆ ಬಾಳಲು ನಿಶ್ಚಯಿಸುತ್ತಾಳೆ. ಈ ಎರಡು ನಿರಾಕರಣೆಗಳ ನಡುವಣ ದೂರವೇ ಅವಳ ಉದ್ಧಾರದ ನಿಜವಾದ ಅಳತೆ.