ಎರಡನೇ ದಾಳಿಗಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆ ಬಿಟ್ಟು ಮೈದಾನ ಒಣಗಿತೆಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ಶುರು. ಕೊನೆಗೆ ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಬಹುಮಾನ ಕೊಡುತ್ತಾರೆ. ಎರಡನೇ ದಾಳಿಗಾರನಿಗೆ ಬಹುಮಾನವಿಲ್ಲ. ತಂಡವನ್ನು ಬದುಕಿಸುವವನು ಎಷ್ಟೋ ಸಲ ಅವನೇ ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಸುಕೇಶ್ ತೆಲುಗು ಟೈಟನ್ಸ್‌ನಲ್ಲಿದ್ದರು. ಆ ತಂಡವೆಂದರೆ ಜನರಿಗೆ ರಾಹುಲ್ ಚೌಧರಿ. ಆದರೆ ರಾಹುಲ್ ಔಟಾಗಿ ಹೊರಗೆ ಕೂತಾಗ? ಕಬಡ್ಡಿಯಲ್ಲಿ ಎದುರಾಳಿಯನ್ನು ಔಟ್ ಮಾಡಿದರೆ ಹೊರಗಿದ್ದ ನಮ್ಮವನು ಒಳಗೆ ಬರುತ್ತಾನೆ. ಬೋನಸ್ ಅಂಕಕ್ಕೆ ಆ ಶಕ್ತಿಯಿಲ್ಲ. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದು ಮಾಡು ಇಲ್ಲವೇ ಮಡಿ. ಆ ದಾಳಿಯ ಮೂವತ್ತು ಸೆಕೆಂಡಿನಲ್ಲಿ ಎದುರಿನ ಅಂಕಣಕ್ಕೆ ಹೋಗಿ ಒಬ್ಬನನ್ನು ಮುಟ್ಟಿ ಬಂದು ತಾರೆಯನ್ನು ಎಬ್ಬಿಸಬೇಕಾದವನು ಎರಡನೇ ದಾಳಿಗಾರ.

ಸುಕೇಶ್ ಅವರ ಆಯುಧ ಓಡುತ್ತ ಕೈಯಲ್ಲಿ ಮುಟ್ಟುವುದು. ಒಂದು ಮೂಲೆಯಿಂದ ಇನ್ನೊಂದಕ್ಕೆ ಅಡ್ಡಡ್ಡ ಓಡುವಾಗ ಮೈಭಾರವೆಲ್ಲ ಮಧ್ಯಗೆರೆಯ ಕಡೆಗೇ ಇರುತ್ತದೆ, ತೋಳು ಮಾತ್ರ ಆಚೆ ಚಾಚುತ್ತದೆ. ಹಿಡಿಯುವವನು ಒಂದು ಹೆಜ್ಜೆ ಮುಂದಿಟ್ಟ ಕ್ಷಣಕ್ಕೆ ಬೆರಳು ತಾಗಿರುತ್ತದೆ, ದಾಳಿಗಾರ ತಿರುಗಿರುತ್ತಾನೆ. ಹಾರಾಟವಿಲ್ಲ, ತೊಡೆ ತಟ್ಟುವ ಅಬ್ಬರವಿಲ್ಲ. ಟಿವಿ ಮುಂದೆ ಕೂತವರಿಗೆ ತಾಗಿದ್ದೇ ತಿಳಿಯುವುದಿಲ್ಲ.

2017ರಲ್ಲಿ ಹೊಸ ತಂಡ ಗುಜರಾತ್ ಸುಕೇಶ್ ಅವರನ್ನು ನಾಯಕನನ್ನಾಗಿ ಮಾಡಿತು. ದಾಳಿಯ ಭಾರ ಹೊತ್ತದ್ದು ಹುಡುಗ ಸಚಿನ್, ಮೂಲೆ ಕಾದದ್ದು ಇರಾನಿನ ಫಜಲ್ ಅತ್ರಾಚಲಿ, ಅಬೊಜರ್ ಮಿಘಾನಿ. ನಾಯಕನೇ ಹಿಂದೆ ಸರಿದು ಕಿರಿಯರಿಗೆ ಜಾಗ ಬಿಟ್ಟ ತಂಡ ಮೊದಲ ವರ್ಷವೇ ಫೈನಲ್‌ಗೆ ಹೋಯಿತು. ಅಲ್ಲಿ ಪಟ್ನಾ ಪೈರೇಟ್ಸ್ 55-38ರಿಂದ ಗೆದ್ದಿತು. ಮರುವರ್ಷ ತಮಿಳ್ ತಲೈವಾಸ್. ಅಲ್ಲಿ ಅಜಯ್ ಠಾಕೂರ್ ತಾರೆ, ಸುಕೇಶ್ ಮತ್ತೆ ಬೆಂಬಲಕ್ಕೆ.

2019ರಲ್ಲಿ ಬೆಂಗಾಲ್ ವಾರಿಯರ್ಸ್ ಸೇರಿದರು. ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಫೈನಲ್. ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಆಡಲಿಲ್ಲ. ದಬಾಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬರೇ 18 ಅಂಕ ಬಾಚಿದರು. ಅಂಥ ಅಂಕಪಟ್ಟಿ ನೋಡಿದರೆ ಡೆಲ್ಲಿಯೇ ಗೆದ್ದಿರಬೇಕು ಅನ್ನಿಸುತ್ತದೆ. ಆದರೆ ಈಚೆ ಬೆಂಗಾಲ್ ಪರ ನಬಿಬಕ್ಷ್ 10, ಸುಕೇಶ್ 8. ತಾರೆಯಿಲ್ಲದ ದಿನ ಆಡುವುದು ಹೇಗೆಂದು ಐದು ವರ್ಷದಿಂದ ಕಲಿತಿದ್ದವರು ಬೆಂಗಾಲ್ ಪಾಳಯದಲ್ಲಿದ್ದರು. 39-34ರಲ್ಲಿ ಬೆಂಗಾಲ್ ತನ್ನ ಮೊದಲ ಪ್ರಶಸ್ತಿ ಗೆದ್ದಿತು.