ಒಂದೇ ತುಂಡೋ, ಜೋಡಿಸಿದ್ದೋ?

ಎಎಂಡಿ ಕಂಪನಿಯ ರೈಜನ್ 5 3600 ಎಂಬ 2019ರ ಪ್ರೊಸೆಸರನ್ನು ಕಿಟಕಿಯ ಬೆಳಕಿಗೆ ತುಸು ಓರೆಯಾಗಿ ಹಿಡಿಯಬೇಕು. ಆಗ ಲೋಹದ ಮುಚ್ಚಳದ ಮೇಲಿನ ಸಣ್ಣಕ್ಷರಗಳು ಎದ್ದು ಬರುತ್ತವೆ: ಸಿಲಿಕಾನ್ ಕೆಲಸ ಅಮೆರಿಕದಲ್ಲೂ ಆಗಿದೆ, ತೈವಾನಿನಲ್ಲೂ ಆಗಿದೆ, ಕೊನೆಗೆ ತಯಾರಾದದ್ದು ಚೀನಾದಲ್ಲಿ. ನಾಲ್ಕು ಸೆಂಟಿಮೀಟರ್ ಅಗಲದ ಬಿಲ್ಲೆಗೆ ಮೂರು ದೇಶಗಳ ಮುದ್ರೆ! ಮುಚ್ಚಳದಡಿ ಇರುವುದು ಒಂದು ಸಿಲಿಕಾನ್ ತುಂಡಲ್ಲ, ಬೇರೆ ಬೇರೆ ಕಡೆ ಹುಟ್ಟಿದ ಎರಡು. ತುಂಡುಗಳನ್ನು ಹೀಗೆ ಜೋಡಿಸುವುದನ್ನೇ ಹಿಡಿದುಕೊಂಡು ಇಂಟೆಲ್ ಮತ್ತು ಎಎಂಡಿ ಸರದಿಯ ಮೇಲೆ ಒಬ್ಬರನ್ನೊಬ್ಬರು ಹಂಗಿಸಿದ ಕಥೆ ನನಗೆ ಎಷ್ಟು ಮೆಲುಕು ಹಾಕಿದರೂ ಸಾಲದು.

ಮೊದಲು ಹಂಗಿಸಿದ್ದು ಎಎಂಡಿ. 2006ರ ಕೊನೆಯಲ್ಲಿ ಇಂಟೆಲ್ ನಾಲ್ಕು ಕೋರ್‌ಗಳ ಪ್ರೊಸೆಸರ್ ತಂದಿತು. ಒಳಗಿದ್ದದ್ದು ಎರಡೆರಡು ಕೋರ್‌ಗಳ ಎರಡು ತುಂಡು. ಒಂದರ ಮಾತು ಇನ್ನೊಂದಕ್ಕೆ ಮುಟ್ಟಬೇಕಾದರೆ ಪ್ರೊಸೆಸರಿನಿಂದ ಹೊರಬಿದ್ದು, ಮದರ್‌ಬೋರ್ಡಿನ ಬಸ್ ಹಿಡಿದು ಬರಬೇಕು. ಆ ತಂತಿಮಾರ್ಗದ ಹೆಸರೂ ಬಸ್ಸೇ. ನಾಲ್ಕು ಕೋರ್ ಅಂದಮೇಲೆ ನಾಲ್ಕೂ ಒಂದೇ ತುಂಡಿನಲ್ಲಿರಬೇಕು ಎಂದು ಸಾರಿದ ಎಎಂಡಿ, 2007ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾ ಎಂಬ ಅಡ್ಡಹೆಸರಿನ ಸರ್ವರ್ ಪ್ರೊಸೆಸರಿನಲ್ಲಿ ಅದನ್ನು ಮಾಡಿಯೂ ತೋರಿಸಿತು.

ಇಂಟೆಲ್ ಕೊಟ್ಟ ಉತ್ತರಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಝಿಯಾನ್ 7400, ಅಡ್ಡಹೆಸರು ಡನಿಂಗ್ಟನ್, ಇಲ್ಲಿನ ಇಂಟೆಲ್ ತಂಡದ ವಿನ್ಯಾಸ. ಒಂದೇ ತುಂಡಿನಲ್ಲಿ ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಅದರ ಒಳಗಿನ ಹಂಚಿಕೆಯನ್ನು ನಿಧಾನವಾಗಿ ನೋಡಬೇಕು. ಎರಡೆರಡರಂತೆ ಮೂರು ಜೋಡಿ ಕೋರ್. ಪ್ರತಿ ಜೋಡಿಗೂ 3 ಎಂಬಿ ಸ್ವಂತ ಕ್ಯಾಶ್, ಅಂದರೆ ಕೈಗೆಟಕುವ ಪುಟ್ಟ ಸ್ಮೃತಿ. ಆರಕ್ಕೂ ಸೇರಿ 16 ಎಂಬಿವರೆಗಿನ ಇನ್ನೊಂದು ಕ್ಯಾಶ್. ಒಂದು ಕೋರ್ ಈಗಷ್ಟೇ ಮುಟ್ಟಿದ ದತ್ತಾಂಶ ಇನ್ನೊಂದಕ್ಕೆ ಬೇಕಾದಾಗ ಬಹಳ ಸಲ ಒಳಗೇ ಸಿಗುತ್ತದೆ, ಬಸ್ ಹತ್ತುವ ಪ್ರಸಂಗ ತಪ್ಪುತ್ತದೆ. ಇಷ್ಟೆಲ್ಲ ಮಾಡಿದವರು ಸಾಕೆಟ್ ಬದಲಿಸಲಿಲ್ಲ. ಹಿಂದಿನ ನಾಲ್ಕು ಕೋರ್‌ನ ಝಿಯಾನ್ ಕೂತಿದ್ದ ಜಾಗದಲ್ಲೇ ಇದೂ ಕೂರುತ್ತದೆ. ಆರು ಕೋರ್ ಅನ್ನುವ ಲೆಕ್ಕಕ್ಕಿಂತ ಈ ಸಂಯಮವೇ ನನಗೆ ಹೆಚ್ಚು ಇಷ್ಟ.

ಆದರೆ ದೊಡ್ಡ ತುಂಡಿಗೆ ದೊಡ್ಡ ಆಪತ್ತು. ಸಿಲಿಕಾನ್ ತಟ್ಟೆಯ ಮೇಲೆ ಎಲ್ಲೋ ಒಂದು ಕಣದಷ್ಟು ದೋಷವಿದ್ದರೆ ಅದು ಬಿದ್ದ ತುಂಡು ಕೆಡಬಹುದು. ತುಂಡು ದೊಡ್ಡದಿದ್ದಷ್ಟೂ ನಷ್ಟ ಹೆಚ್ಚು. ಹೀಗಾಗಿ 2017ರಲ್ಲಿ ಎಎಂಡಿ ತಾನೇ ಹಂಗಿಸಿದ ದಾರಿಗೆ ಇಳಿಯಿತು, ಎಪಿಕ್ ಸರ್ವರ್ ಪ್ರೊಸೆಸರಿನಲ್ಲಿ ನಾಲ್ಕು ತುಂಡುಗಳನ್ನು ಜೋಡಿಸಿತು. ಈ ಸಲ ನಗುವ ಸರದಿ ಇಂಟೆಲ್‌ನದು: ಡೆಸ್ಕ್‌ಟಾಪ್ ತುಂಡುಗಳನ್ನು ಗೋಂದು ಹಾಕಿ ಅಂಟಿಸಿದ್ದಾರೆ ಎಂದು ಪತ್ರಕರ್ತರ ಮುಂದೆ ಚಿತ್ರ ಹಾಕಿ ತೋರಿಸಿತು.

ಬೆಂಗಳೂರಿನ ವಿಮಾನ ನಿಲ್ದಾಣದ ದಾರಿಯಲ್ಲಿ ಸಿಗುವ ನಮ್ಮ ಚಿಕ್ಕಜಾಲದಲ್ಲಿ ಬಳ್ಳಾರಿ ರಸ್ತೆಯ ಮಗ್ಗುಲಿಗೆ ಪಾಳುಬಿದ್ದ ಹಳೇ ಕೋಟೆಯಿದೆ. ಕಲ್ಲಿನ ಗೋಡೆಯಲ್ಲಿ ಜಾಣತನ ಇರುವುದು ಕಲ್ಲಿಗಿಂತ ಸಂದಿನಲ್ಲಿ. ಎಎಂಡಿಯೂ ಸಂದನ್ನೇ ತಿದ್ದಿತು. 2019ರ ಹೊತ್ತಿಗೆ ಲೆಕ್ಕ ಮಾಡುವ ಕೋರ್‌ಗಳನ್ನು ಮಾತ್ರ ತೈವಾನಿನ ದುಬಾರಿ 7 ನ್ಯಾನೋಮೀಟರ್ ತಂತ್ರದಲ್ಲಿ ಮಾಡಿಸಿ, ಹೊರಗಿನ ವ್ಯವಹಾರ ನೋಡಿಕೊಳ್ಳುವ ಭಾಗಕ್ಕೆ ಅಮೆರಿಕದ ಅಗ್ಗದ ಹಳೆಯ ತಂತ್ರವೇ ಸಾಕೆಂದಿತು. ರೈಜನ್ ಮುಚ್ಚಳದ ಮೇಲೆ ಅಷ್ಟೊಂದು ದೇಶಗಳ ಹೆಸರು ಬಂದದ್ದು ಹೀಗೆ. 2023ರ ಡಿಸೆಂಬರಿನಲ್ಲಿ ಇಂಟೆಲ್‌ನ ಮೀಟಿಯರ್ ಲೇಕ್ ಬಂತು. ಅದರಲ್ಲೂ ಜೋಡಿಸಿದ ತುಂಡುಗಳೇ. ಕೆಲವನ್ನು ಮಾಡಿಕೊಟ್ಟದ್ದು ಎಎಂಡಿಗೆ ಮಾಡಿಕೊಡುವ ಅದೇ ತೈವಾನಿನ ಟಿಎಸ್‌ಎಂಸಿ!

ಮೀಟಿಯರ್ ಲೇಕ್ ಬರುವ ಹಿಂದಿನ ತಿಂಗಳು ಎಎಂಡಿ ಬೆಂಗಳೂರಿನಲ್ಲಿ 5 ಲಕ್ಷ ಚದರಡಿಯ ಟೆಕ್ನೋಸ್ಟಾರ್ ಕ್ಯಾಂಪಸ್ ತೆರೆಯಿತು. ತನ್ನ ವಿನ್ಯಾಸ ಕೇಂದ್ರಗಳಲ್ಲೇ ಇದು ಅತಿ ದೊಡ್ಡದು ಎಂದು ಕಂಪನಿ ಹೇಳಿಕೊಂಡಿದೆ. ಎರಡೂ ಕಡೆಯ ಎಂಜಿನಿಯರುಗಳು ಈಗ ಒಂದೇ ಊರಿನವರು, ವಿಮಾನ ಹಿಡಿಯಲು ಚಿಕ್ಕಜಾಲ ದಾಟಿ ಹೋಗುವವರು. ಮುಚ್ಚಳದ ಮೇಲೆ ಈ ಊರಿನ ಹೆಸರಿಲ್ಲ; ಅಲ್ಲಿ ಜಾಗ ಇರುವುದು ಕಾರ್ಖಾನೆಗೆ ಮಾತ್ರ.

ಈ ಪೈಪೋಟಿಯ ಇನ್ನೊಂದು ಹಳೆಯ ಪ್ರಸಂಗದ ರುಚಿಯನ್ನು ಮನೆಯಲ್ಲೇ ನೋಡಬಹುದು. ಇಟಾನಿಯಂ ಎಂಬ ಹೊಸ ದಾರಿಯಿಂದ 64 ಬಿಟ್ ತರಲು ಇಂಟೆಲ್ ಹೊರಟಿದ್ದಾಗ, ಎಎಂಡಿ 2003ರಲ್ಲಿ ಹಳೆಯ ಎಕ್ಸ್86 ಭಾಷೆಯನ್ನೇ ಹಿಗ್ಗಿಸಿತು. ಹಳೆಯ ತಂತ್ರಾಂಶ ಕೆಡದೆ ನಡೆಯಿತು. 2004ರಲ್ಲಿ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಇಂಟೆಲ್ ಪ್ರೊಸೆಸರಿನ ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಸೆಟ್ ಪ್ರೊಸೆಸರ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಗುರುತಿನ ಸಾಲಿನಲ್ಲಿ ‘ಜೆನ್ಯೂಯಿನ್ ಇಂಟೆಲ್’ ಎಂದು ಬರುತ್ತದೆ. ಅಪ್ಪಟ ಇಂಟೆಲ್ ಎಂದು ಹೇಳಿಕೊಳ್ಳುವ ಆ ಯಂತ್ರ ತನ್ನ ಆರ್ಕಿಟೆಕ್ಚರ್ ಎಎಂಡಿ64 ಎಂದು ಅದರ ಮೇಲಿನ ಸಾಲಿನಲ್ಲೇ ಒಪ್ಪಿಕೊಂಡಿರುತ್ತದೆ.